ದಂಡವೂ ಅದರ ಲೆಕ್ಕವೂ: ವಿದುರಾಶ್ವತ್ಥದ ಗೋಲೀಬಾರಿನ ವಿಚಾರ

ದಂಡವಿಲ್ಲದೆ ರಾಜ್ಯವು ನಿಲ್ಲದೆಂಬುದು ನಮ್ಮ ಪ್ರಾಚೀನರೆಲ್ಲರಿಗೂ ಸಮ್ಮತವಾದ ಮಾತು. ದಂಡವನ್ನು ಹಿಡಿದವನು ಅದರ ಪ್ರಯೋಗಕ್ಕೆ ಉತ್ತರವಾದಿಯೆಂಬುದೂ ಅವರಿಗೆ ಅಷ್ಟೇ ಸಮ್ಮತವಾಗಿದ್ದಿತು; ಆದರೆ ಈ ಎರಡನೆಯ ಮಾತನ್ನು ನಾವು ಅನೇಕವೇಳೆ ಮರೆಯುತ್ತೇವೆ. ಕೌಟಲ್ಯನು ತನ್ನ ಅರ್ಥಶಾಸ್ತ್ರದ ಕಂಟಕಶೋಧನವೆಂಬ ಅಧಿಕರಣದಲ್ಲಿ ಕಳ್ಳರು, ಮೋಸಗಾರರು ಇವರನ್ನು ಅಡಗಿಸುವ ಕ್ರಮವನ್ನು ಹೇಳಿ, ಅಲ್ಲಿಗೇ ನಿಲ್ಲದೆ, ಅಧಿಕಾರಿಗಳ ತಪ್ಪುಗಳಿಗೂ ಶಿಕ್ಷೆಯನ್ನು ಗೊತ್ತುಮಾಡಿದ್ದಾನೆ. ಬಂಧನಾಗಾರದ ಅಧ್ಯಕ್ಷನು ಸೆರೆಯಾಳನ್ನು ಕೊಂದರೆ ಅವನಿಗೆ 1000 ಪಣಗಳ ದಂಡ. ಸಾಮಾನ್ಯನಿಗೆ ಒಂದು ಪಾಲು ದಂಡವಾಗುವ ತಪ್ಪಿಗೆ ಅರಸನಿಗೆ ಸಹಸ್ರಪಾಲು ವಿಧಿಸಬೇಕೆಂಬುದು ಮನುವಿನ ಮತ. ಈ ವಿಧಿಗಳು ಎಷ್ಟರಮಟ್ಟಿಗೆ ಆಚರಣೆಯಲ್ಲಿದ್ದುವೆಂಬುದು ಬೇರೆ ಪ್ರಶ್ನೆ. ಪ್ರಜೆಯ ಪ್ರಾಣವು ರಾಜಪುರುಷನ ಕೈಯಲ್ಲಿ ಹೋದರೆ ಅದಕ್ಕೂ ಒಂದು ಲೆಕ್ಕವಿರಬೇಕೆಂಬ ಭಾವನೆಯು ನಮಗೆ ಪರದೇಶದಿಂದ ಬಂದುದಲ್ಲವೆಂದು ತೋರಿಸುವುದಕ್ಕೆ ಇಷ್ಟು ಸಾಕು.

ನಮ್ಮ ಘಾಟಿ ಸುಬ್ರಹ್ಮಣ್ಯಕ್ಷೇತ್ರದಲ್ಲಿ ಪೂರ್ವಾಭಿಮುಖನಾದ ಸ್ವಾಮಿಯ ದರ್ಶನವು ಎದುರಿಗೇ ಆಗುತ್ತದೆ; ಅದೇ ಶಿಲೆಯಲ್ಲಿ ಪಶ್ಚಿಮಾಭಿಮುಖನಾಗಿರುವ ನರಸಿಂಹನ ದರ್ಶನವು ಹಿಂದೆ ಇರಿಸಿದ ಕನ್ನಡಿಯಿಂದ ಮಾತ್ರ ಆಗುತ್ತದೆ. ರಾಜ್ಯಶಕ್ತಿಗೂ ಹೀಗೆಯೇ ಎರಡು ಮುಖಗಳು. ರಕ್ಷಿಸುವ ಮುಖವು ನಿತ್ಯವೂ ಎದುರಿಗಿದೆ. ಸಂಹರಿಸುವ ಮುಖವನ್ನು ಕಾಣಬೇಕಾದರೆ ಕನ್ನಡಿ ಬೇಕು. ಅಂಥ ಕನ್ನಡಿಯೇ ವಿಚಾರಣೆ. ಘಾಟಿಯಂತೆಯೇ ನಾಗಕ್ಷೇತ್ರವಾದ, ದೊಡ್ಡಬಳ್ಳಾಪುರದಿಂದ ಮಾಕಳಿದುರ್ಗ, ತೊಂಡೇಬಾವಿ, ಗೌರಿಬಿದನೂರುಗಳ ಮೇಲೆ ಹೋಗುವ ರೈಲುದಾರಿಯಲ್ಲಿಯೇ ಸಿಕ್ಕುವ ವಿದುರಾಶ್ವತ್ಥದಲ್ಲಿ 1938ರಲ್ಲಿ ಈ ಕನ್ನಡಿಯ ಅಗತ್ಯವು ಹೇಗೆ ಒದಗಿತು, ಅದರಲ್ಲಿ ಏನು ಕಂಡಿತು, ಏನು ಕಾಣಲಿಲ್ಲ ಎಂಬುದನ್ನು ಪ್ರಕೃತ ವಿಚಾರಮಾಡೋಣ.

ಉತ್ತರಪಿನಾಕಿನಿಯ ದಡದಲ್ಲಿರುವ ಈ ಕ್ಷೇತ್ರವು ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ; ಆಗ ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಯಲ್ಲಿದ್ದಿತು. ವಿದುರನು ನೆಟ್ಟನೆಂದು ಪ್ರತೀತಿಯಿದ್ದ ಅಶ್ವತ್ಥವು 2001ರಲ್ಲಿ ಉರುಳಿತು. ಅದರ ಸುತ್ತಣ ನಾಗಶಿಲೆಗಳ ಸಾಲುಗಳು ಇಂದಿಗೂ ಇವೆ. ಸರ್ಪವನ್ನು ಕೊಲ್ಲುವುದಕ್ಕೂ ಅಂಜುವ ಜನರು ಹರಕೆಯನ್ನು ಸಲ್ಲಿಸಲು ಬರುವ ಸ್ಥಳವಿದು.

1938ನೆಯ ಇಸವಿಯಲ್ಲಿ ಸರ್ ಮಿರ್ಜಾ ಇಸ್ಮಾಯಿಲರು ಮೈಸೂರಿನ ದಿವಾನರಾಗಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯು ಶಿಕ್ಷಣ, ವಿದ್ಯುತ್ತು, ಕೈಗಾರಿಕೆಗಳಿಂದ ಮಾದರಿಯ ಆಳ್ವಿಕೆಯೆಂದು ಕೀರ್ತಿಯನ್ನು ಪಡೆದಿದ್ದಿತು. ಆದರೆ ಸರ್ಕಾರವು ಪ್ರಜೆಗಳಿಗೆ ಹೊಣೆಯಾಗಿರಲಿಲ್ಲ. ಜವಾಬ್ದಾರಿ ಸರ್ಕಾರವು ಬೇಕೆಂದು ಮೈಸೂರು ಕಾಂಗ್ರೆಸ್ಸು ಕೇಳುತ್ತಿದ್ದಿತು. ಆ ವರ್ಷದ ಏಪ್ರಿಲ್ 11ರಂದು ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರು ನಿಷೇಧಾಜ್ಞೆಯನ್ನು ಮೀರಿ ಕಾಂಗ್ರೆಸ್ ಧ್ವಜವನ್ನೇರಿಸಿ ಬಂಧನಕ್ಕೊಳಗಾದರು. ಅಲ್ಲಿ ರಕ್ತಪಾತವಾಗಲಿಲ್ಲ. ಧ್ವಜಸತ್ಯಾಗ್ರಹವು ಇತರ ಜಿಲ್ಲೆಗಳಿಗೂ ಹಬ್ಬಿತು; ಕೋಲಾರ ಜಿಲ್ಲೆಯಲ್ಲಿಯೂ ನಿಷೇಧಾಜ್ಞೆಗಳು ಹೊರಟವು.

ಏಪ್ರಿಲ್ 25ರಂದು ಸುತ್ತಣ ಗ್ರಾಮಗಳಿಂದ ಬಂದ ಸಹಸ್ರಾರು ಮಂದಿ ವಿದುರಾಶ್ವತ್ಥದಲ್ಲಿ ಆಜ್ಞೆಯನ್ನು ಮೀರಿ ಸಭೆ ಸೇರಿದರು. ಚದುರಬೇಕೆಂದು ಪೋಲೀಸರು ಆಜ್ಞಾಪಿಸಿದರು, ಜನರು ಚದುರಲಿಲ್ಲ. ಲಾಠಿಯ ಪ್ರಹಾರವಾಯಿತು, ಅದರ ಬೆನ್ನಿಗೇ ಗುಂಡುಗಳು ಹಾರಿದುವು. ಜನರು ಕಲ್ಲುಗಳನ್ನು ತೂರಿದುದರಿಂದ ಆತ್ಮರಕ್ಷಣೆಗಾಗಿ ಗುಂಡು ಹಾರಿಸಬೇಕಾಯಿತೆಂದು ಸರ್ಕಾರದ ಪಕ್ಷ. ಬರಿಗೈಯ ಹಳ್ಳಿಗರ ಮೇಲೆ ಮಿತಿಯಿಲ್ಲದೆ ಬಲವನ್ನು ಪ್ರಯೋಗಿಸಿದರೆಂದು ಜನರ ಪಕ್ಷ. ಮೃತರಾದವರು 10 ಮಂದಿಯೆಂದು ಸರ್ಕಾರವು ಹೇಳಿತು. 30ಕ್ಕೂ ಹೆಚ್ಚು ಮಂದಿಯೆಂದು ಜನರು ಹೇಳಿದರು.

ವಾಚಕರು ಇಲ್ಲಿ ಕೊಂಚ ನಿಂತು ಯೋಚಿಸಬೇಕು. ಕಲ್ಲು ಮೊದಲೋ ಲಾಠಿ ಮೊದಲೋ ಎಂಬ ವಿಷಯದಲ್ಲಿ ಪ್ರಾಮಾಣಿಕರಾದ ಇಬ್ಬರು ಸಾಕ್ಷಿಗಳಿಗೂ ಮತಭೇದವುಂಟಾಗಬಹುದು. ಆದರೆ ಶವಗಳ ಸಂಖ್ಯೆಯು ಅಭಿಪ್ರಾಯದ ವಿಷಯವಲ್ಲ. ಪ್ರತಿಯೊಂದು ಶವಕ್ಕೂ ಒಂದು ಹೆಸರು, ಒಂದು ಊರು, ಒಂದು ಮನೆ ಇರುತ್ತವೆ. ಒಂದೇ ದಿನ ಒಂದೇ ಕ್ಷೇತ್ರದಲ್ಲಿ ಸತ್ತವರ ಎಣಿಕೆಯಲ್ಲಿಯೇ ಆಳುವವರಿಗೂ ಆಳಿಸಿಕೊಳ್ಳುವವರಿಗೂ ಮೂರುಪಾಲಿನ ಅಂತರವು ಬಂದಿತೆಂದರೆ, ಅವರ ನಡುವೆ ವಿಶ್ವಾಸವೆಂಬುದು ಆಗಲೇ ಮುರಿದುಬಿದ್ದಿದ್ದಿತೆಂದು ಹೇಳಬೇಕು. 1919ರ ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾಬಾಗಿನಲ್ಲಿಯೂ ಹೀಗೆಯೇ ಆಯಿತು. ಸರ್ಕಾರದ ಲೆಕ್ಕವು 379ಕ್ಕೆ ನಿಂತಿತು. ಜನರ ಲೆಕ್ಕವು ಅದಕ್ಕಿಂತ ಬಹಳ ಮುಂದೆ ಹೋಯಿತು. ಸೇನಾಧಿಪತಿ ಡಯರನನ್ನು ಹಂಟರ್ ಸಮಿತಿಯು ಖಂಡಿಸಿತು, ಅವನು ಅಧಿಕಾರದಿಂದ ಇಳಿದನು. ಆದರೆ ನ್ಯಾಯಸ್ಥಾನದ ಮುಂದೆ ಎಂದೂ ನಿಲ್ಲಲಿಲ್ಲ. ವಿದುರಾಶ್ವತ್ಥವನ್ನು ದಕ್ಷಿಣದ ಜಲಿಯನ್‌ವಾಲಾಬಾಗೆಂದು ಕರೆಯುವ ವಾಡಿಕೆಯಿದೆ. ಸಂಖ್ಯೆಯಿಂದ ಈ ಹೋಲಿಕೆಯು ಅತಿಶಯವೆನ್ನಬಹುದಾದರೂ ಲೆಕ್ಕದ ರೀತಿಯಿಂದ ಯಥಾರ್ಥವಾಗಿದೆ.

ಸುದ್ದಿಯು ದೇಶದಲ್ಲೆಲ್ಲಾ ಹರಡಿತು. ಗಾಂಧಿಯವರು ಮನನೊಂದರು. ಸರ್ದಾರ್ ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರಿಗೆ ಬಂದರು. ಮೇ ತಿಂಗಳಲ್ಲಿ ಮಿರ್ಜಾ–ಪಟೇಲ್ ಒಪ್ಪಂದವೆಂದು ಪ್ರಸಿದ್ಧವಾದ ರಾಜಿಯಾಯಿತು. ಮೈಸೂರು ಕಾಂಗ್ರೆಸ್ಸಿಗೆ ಮನ್ನಣೆ ದೊರೆಯಿತು, ಸಂಸ್ಥಾನದ ಧ್ವಜದೊಡನೆ ಕಾಂಗ್ರೆಸ್ ಧ್ವಜವನ್ನು ಏರಿಸಬಹುದೆಂದಾಯಿತು, ಸತ್ಯಾಗ್ರಹಿಗಳ ಬಿಡುಗಡೆಯಾಯಿತು. ಯಾವ ಧ್ವಜವನ್ನು ಏರಿಸಲು ಹೋಗಿ ಹಳ್ಳಿಗರು ಪ್ರಾಣವನ್ನು ತೆತ್ತರೋ ಆ ಧ್ವಜವು ಕೆಲವೇ ವಾರಗಳಲ್ಲಿ ಕಾನೂನಿಗೆ ಸಮ್ಮತವಾಯಿತು. ಇದು ಅಲ್ಪವಾದ ಜಯವಲ್ಲ. 1947ರ ಅಕ್ಟೋಬರಿನಲ್ಲಿ ಕೋಲಾರ ಜಿಲ್ಲೆಯವರೇ ಆದ ಕೆ. ಸಿ. ರೆಡ್ಡಿಯವರು ಪ್ರಜಾಸರ್ಕಾರದ ಮೊದಲ ಮುಖ್ಯಮಂತ್ರಿಗಳಾದುದಕ್ಕೆ ಈ ಹೋರಾಟವೂ ಒಂದು ಕಾರಣ.

ಆದರೆ ರಾಜಿಯು ಧ್ವಜದ ಪ್ರಶ್ನೆಗೆ ಉತ್ತರವನ್ನು ಕೊಟ್ಟಿತೇ ಹೊರತು ಗುಂಡಿನ ಪ್ರಶ್ನೆಗಲ್ಲ. ಆ ಪ್ರಶ್ನೆಯು ಮದರಾಸು ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ಸರ್ಕಾರವು ನೇಮಿಸಿದ ಸಮಿತಿಯ ಪಾಲಿಗೆ ಬಂದಿತು. ವಿಚಾರಣೆಯನ್ನು ನಡೆಯಿಸಲು ಸರ್ಕಾರವು ಒಪ್ಪಿತೆಂಬುದನ್ನು ನಾವು ಮೆಚ್ಚಬೇಕು. ಆದರೆ ಗುಂಡು ಹಾರಿಸಿದುದು ಅನಿವಾರ್ಯವೆಂಬ ಸರ್ಕಾರದ ಪಕ್ಷವನ್ನೇ ಸಮಿತಿಯು ಎತ್ತಿಹಿಡಿಯಿತು. ತನ್ನ ಕಾರ್ಯವನ್ನು ಪರೀಕ್ಷಿಸುವವರನ್ನು ತಾನೇ ಆರಿಸಿಕೊಂಡ ಸರ್ಕಾರವು ನಿರ್ದೋಷಿಯೆಂದು ಹೊರಬಿದ್ದರೆ, ಆ ತೀರ್ಪು ನಿಜವಾಗಿಯೇ ಸರಿಯಾಗಿದ್ದರೂ ಜನರು ನಂಬುವುದು ಕಷ್ಟ. ರಾಜಿಯಾದ ಮೇಲೆ ಲೆಕ್ಕ ಕೇಳುವವರ ಧ್ವನಿಯೂ ತಗ್ಗಿತು. ರಾಜಕಾರಣದ ಸಮಾಧಾನವೇ ನ್ಯಾಯವೆಂಬ ಭ್ರಮೆಯು ಹೀಗೆ ಹುಟ್ಟುತ್ತದೆ.

ಇದಕ್ಕೆ ವಿರುದ್ಧವಾದ ದೃಷ್ಟಾಂತವೊಂದನ್ನು ನೋಡೋಣ. 1942ರ ಸೆಪ್ಟೆಂಬರಿನಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ ಗ್ರಾಮಸ್ಥರಿಗೂ ಅಧಿಕಾರಿಗಳಿಗೂ ಘರ್ಷಣೆಯಾಗಿ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರೂ ಹತರಾದರು. ಅದಕ್ಕೆ ಮೊಕದ್ದಮೆ ನಡೆಯಿತು, ಸಾಕ್ಷಿಗಳ ವಿಚಾರಣೆಯಾಯಿತು. 1943ರ ಮಾರ್ಚಿಯಲ್ಲಿ ಐವರು ಗಲ್ಲಿಗೇರಿದರು. ಆ ಇಬ್ಬರು ನೌಕರರ ಪ್ರಾಣವೂ ಅಮೂಲ್ಯವಾದುದೇ. ಅವರ ಮನೆಗಳಲ್ಲಿಯೂ ಗೋಳಾಟವಾಗಿರಬೇಕು. ಆದರೆ ಒಂದೇ ಸಂಸ್ಥಾನದಲ್ಲಿ ನಾಲ್ಕು ವರ್ಷಗಳ ಅಂತರದಲ್ಲಿ ನಡೆದ ಈ ಎರಡನ್ನು ಅಕ್ಕಪಕ್ಕದಲ್ಲಿ ಇಟ್ಟುನೋಡಿದರೆ, ಪ್ರಜೆಯ ಕೈಯಿಂದ ಆದ ಕೊಲೆಗೆ ನ್ಯಾಯಸ್ಥಾನವೂ ಸರ್ಕಾರದ ಕೈಯಿಂದ ಆದ ಮರಣಗಳಿಗೆ ಸಮಿತಿಯೂ ದೊರೆತುವೆಂಬುದು ಸ್ಪಷ್ಟವಾಗುತ್ತದೆ. ಮನುವು ಹೇಳಿದ ಸಹಸ್ರಪಾಲಿನ ಮಾತು ಹಾಗಿರಲಿ, ಸಮಪಾಲೂ ದೊರೆಯಲಿಲ್ಲ.

ಇದು ಅರಸರ ಕಾಲದ ಮಾತು, ಈಗ ಪ್ರಜಾಪ್ರಭುತ್ವವಿದೆಯಲ್ಲಾ ಎಂದು ಯಾರಾದರೂ ಕೇಳಬಹುದು. ಬ್ರಿಟಿಷ್ ಇಂಡಿಯಾದ 1898ರ ದಂಡಪ್ರಕ್ರಿಯಾ ಸಂಹಿತೆಯ 132ನೆಯ ಕಲಮು, ಗುಂಪನ್ನು ಚದುರಿಸುವಾಗ ಮಾಡಿದ ಕಾರ್ಯಕ್ಕಾಗಿ ಸರ್ಕಾರದ ಅನುಮತಿಯಿಲ್ಲದೆ ಮೊಕದ್ದಮೆ ಹೂಡಬಾರದೆಂದಿತು. ಸ್ವತಂತ್ರ ಭಾರತದ 1973ರ ಸಂಹಿತೆಯಲ್ಲಿಯೂ ಆ ರಕ್ಷಣೆಯು ಅದೇ 132ನೆಯ ಕಲಮಿನಲ್ಲಿ ಉಳಿಯಿತು. 2024ರ ಜುಲೈ 1ರಿಂದ ಆಚರಣೆಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 151ನೆಯ ಕಲಮಾಗಿದೆ. ರಾಜ್ಯವು ಮೂರುಬಾರಿ ವೇಷವನ್ನು ಬದಲಾಯಿಸಿದರೂ ಈ ಕವಚವನ್ನು ಮಾತ್ರ ಕಳಚಿಡಲಿಲ್ಲ. 2008ರ ಜೂನಿನಲ್ಲಿ ಹಾವೇರಿಯಲ್ಲಿ ರಸಗೊಬ್ಬರಕ್ಕಾಗಿ ನೆರೆದ ರೈತರ ಮೇಲೆ ಗುಂಡು ಹಾರಿದಾಗಲೂ ಜನರು ಕೇಳಿದುದು ಹಳೆಯ ಪ್ರಶ್ನೆಗಳನ್ನೇ: ಆಜ್ಞೆ ಕೊಟ್ಟವರು ಯಾರು, ಅದಕ್ಕೆ ಮುಂಚೆ ಬೇರೆ ಉಪಾಯವಿರಲಿಲ್ಲವೆ?

ಆದರೂ ಏನೂ ಬದಲಾಗಲಿಲ್ಲವೆಂದರೆ ಅಸತ್ಯವಾದೀತು. ಎನ್‌ಕೌಂಟರೆಂದು ಕರೆಯುವ ಸಂದರ್ಭಗಳಲ್ಲಿ ಪೋಲೀಸರ ಗುಂಡಿನಿಂದ ಆಗುವ ಸಾವುಗಳನ್ನು ಕುರಿತು ಸರ್ವೋಚ್ಚ ನ್ಯಾಯಾಲಯವು 2014ರ ಸೆಪ್ಟೆಂಬರಿನಲ್ಲಿ 16 ಸೂತ್ರಗಳನ್ನು ವಿಧಿಸಿತು. ಸಿಐಡಿಯವರಾಗಲಿ ಬೇರೊಂದು ಠಾಣೆಯವರಾಗಲಿ ತನಿಖೆ ಮಾಡಬೇಕು, ಮ್ಯಾಜಿಸ್ಟ್ರೇಟರ ವಿಚಾರಣೆಯಾಗಬೇಕು, ಮಾನವ ಹಕ್ಕುಗಳ ಆಯೋಗಕ್ಕೆ ತಿಳಿಸಬೇಕು, ಸಂಗತಿಯು ನಡೆದೊಡನೆಯೇ ಬಡ್ತಿಯನ್ನಾಗಲಿ ಶೌರ್ಯಪದಕವನ್ನಾಗಲಿ ಕೊಡಬಾರದು. ಕೊನೆಯ ಸೂತ್ರವು ಬಹಳ ಅರ್ಥವುಳ್ಳದ್ದು. ಲೆಕ್ಕವು ಮುಗಿಯುವುದಕ್ಕೆ ಮುಂಚೆ ಬಹುಮಾನವನ್ನು ಕೊಟ್ಟರೆ ಆಮೇಲೆ ಲೆಕ್ಕವನ್ನು ಕೇಳುವವರಾರು?

ಪೋಲೀಸರ ಕೈ ಕಟ್ಟಿದರೆ ದುಷ್ಟರು ಮೆರೆಯುವರೆಂಬ ಆಕ್ಷೇಪಣೆಯನ್ನು ನಾವು ತಳ್ಳಿಹಾಕುವಂತಿಲ್ಲ. ಉದ್ರಿಕ್ತವಾದ ಗುಂಪಿನೆದುರು ಅಲ್ಪಸಂಬಳದ ಪೇದೆಯು ನಿಂತಿರುವಾಗ ಅವನಿಗೂ ಪ್ರಾಣಭಯವಿರುತ್ತದೆ. ಆದರೆ ವಿಚಾರಣೆಯು ಪೇದೆಯ ಶತ್ರುವಲ್ಲ. ನ್ಯಾಯವಾಗಿ ನಡೆದವನಿಗೆ ನಿಷ್ಪಕ್ಷಪಾತವಾದ ತೀರ್ಪೇ ಕಳಂಕವನ್ನು ತೊಳೆಯುತ್ತದೆ. ವಿಚಾರಣೆಯಿಲ್ಲದಿದ್ದರೆ ಸಜ್ಜನನೂ ಅಪರಾಧಿಯೂ ಒಂದೇ ಸಂಶಯದ ನೆರಳಿನಲ್ಲಿ ಉಳಿಯುತ್ತಾರೆ. ಆಜ್ಞೆ ಕೊಟ್ಟ ಮೇಲಧಿಕಾರಿಯಂತೂ ಆ ನೆರಳಿನಲ್ಲಿಯೇ ಮರೆಯಾಗುತ್ತಾನೆ.

ವಿದುರಾಶ್ವತ್ಥದಲ್ಲಿ ಈಗ ಹುತಾತ್ಮರ ಸ್ಮಾರಕವೂ ವೀರಸೌಧವೂ ಇವೆ. ಯಾತ್ರಿಕರು ನಾಗಶಿಲೆಗಳಿಗೆ ಹಾಲೆರೆದು ಅಲ್ಲಿಗೂ ಹೋಗಿ ಕೈಮುಗಿಯುತ್ತಾರೆ. ಇದು ತಕ್ಕದ್ದೇ. ಆದರೆ ಸತ್ತವರನ್ನು ಹುತಾತ್ಮರೆಂದು ಪೂಜಿಸುವುದರಿಂದ ಅವರು ಹೇಗೆ ಸತ್ತರೆಂಬ ಪ್ರಶ್ನೆಗೆ ಉತ್ತರವು ದೊರೆಯುವುದಿಲ್ಲ. ಮುಂದೆ ಎಲ್ಲಿಯಾದರೂ ಗುಂಡು ಹಾರಿತೆಂಬ ಸುದ್ದಿಯು ಬಂದಾಗ, ಯಾವ ಪಕ್ಷದವರು ಸತ್ತರೆಂದು ನೋಡಿ ಹರ್ಷವನ್ನಾಗಲಿ ರೋಷವನ್ನಾಗಲಿ ತಾಳುವುದಕ್ಕೆ ಮುಂಚೆ, ಎಷ್ಟು ಮಂದಿ, ಯಾರ ಆಜ್ಞೆಯಿಂದ, ಯಾವ ಕಾರಣಕ್ಕೆ ಎಂಬ ಮೂರು ಮಾತುಗಳನ್ನು ಕೇಳುವ ಅಭ್ಯಾಸವು ನಮ್ಮ ಜನರಲ್ಲಿ ಬೆಳೆಯಬೇಕು. 1938ರಲ್ಲಿ ಸತ್ತ ಆ ಹಳ್ಳಿಗರ ಋಣವು ಅದರಿಂದಲಾದರೂ ಕಿಂಚಿತ್ತು ತೀರೀತು.