ಉಷವದಾತನ ಅಕ್ಷಯನಿಧಿ: ಅಸಲು, ಬಡ್ಡಿ ಮತ್ತು ಇಪ್ಪತ್ತು ಚೀವರ

ನಾಸಿಕದ ಪಾಂಡವಲೇಣಿಯ 10ನೇ ಗುಹೆಯಲ್ಲಿ ಕ್ಷತ್ರಪ ನಹಪಾನನ ಅಳಿಯ ಉಷವದಾತನ ಪ್ರಾಕೃತ ಶಾಸನಗಳಿವೆ. ಅವುಗಳಲ್ಲಿ 42ನೇ ವರ್ಷವನ್ನು ಹೆಸರಿಸುವ ಶಾಸನವನ್ನು ನಾವು ಸಾಮಾನ್ಯವಾಗಿ ದಾನಶಾಸನವೆಂದು ಓದಿ ಮುಗಿಸುತ್ತೇವೆ. ನಾನಿಲ್ಲಿ ಅದರ ಲೆಕ್ಕವನ್ನಷ್ಟೇ ನೋಡುತ್ತೇನೆ.

ಉಷವದಾತ 3000 ಕಾಹಾಪಣಗಳನ್ನು ಗೋವರ್ಧನದ ನೇಕಾರರ ಶ್ರೇಣಿಗಳಲ್ಲಿ ಇಟ್ಟ. ಒಂದರಲ್ಲಿ 2000, ಬಡ್ಡಿ 'ಪಡಿಕ ಶತ', ಅಂದರೆ ನೂರಕ್ಕೆ ಒಂದು. ಇನ್ನೊಂದರಲ್ಲಿ 1000, ಬಡ್ಡಿ 'ಪಾಯೂನ ಪಡಿಕ ಶತ', ನೂರಕ್ಕೆ ಮುಕ್ಕಾಲು. ಅಸಲು ಹಿಂದಿರುಗಿಸುವಂತಿಲ್ಲ, ಬಡ್ಡಿಯನ್ನಷ್ಟೇ ಅನುಭವಿಸಬೇಕು. ಮೊದಲ ಬಡ್ಡಿಯಲ್ಲಿ ಮಳೆಗಾಲ ಕಳೆಯುವ 20 ಭಿಕ್ಷುಗಳಿಗೆ ತಲಾ 12 ಕಾಹಾಪಣದ ಚೀವರ, ಎರಡನೆಯದು 'ಕುಶಣ'ಕ್ಕೆ. ಕುಶಣದ ಅರ್ಥದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ, ಅದನ್ನು ಬಿಡೋಣ.

ಈ ದರ ತಿಂಗಳಿಗೋ ವರ್ಷಕ್ಕೋ? ಲೆಕ್ಕ ಹಾಕಿ ನೋಡಿ. ತಿಂಗಳಿಗೆ ನೂರಕ್ಕೆ ಒಂದಾದರೆ 2000ಕ್ಕೆ 20, ವರ್ಷಕ್ಕೆ 240. ಇಪ್ಪತ್ತು ಜನಕ್ಕೆ ಹನ್ನೆರಡರಂತೆ ಸರಿಯಾಗಿ 240! ಹಾಗಾಗಿ ದರ ಮಾಸಿಕವೇ, ವರ್ಷಕ್ಕೆ ಶೇಕಡಾ 12.

ಅದೇ ಹಣವನ್ನು ಮುಕ್ಕಾಲು ದರಕ್ಕೆ ಇಟ್ಟಿದ್ದರೆ ಸಿಗುತ್ತಿದ್ದದ್ದು 180, ಅಂದರೆ 15 ಚೀವರ. ಇಪ್ಪತ್ತೇ ಬೇಕೆಂದರೆ ಸುಮಾರು 2667 ಕಾಹಾಪಣ ಇಡಬೇಕಿತ್ತು. ದರ ಇಳಿದರೆ ನಾಳಿನ ಅದೇ ಖರ್ಚಿಗೆ ಇವತ್ತು ಹೆಚ್ಚು ಉಳಿಸಬೇಕು. ಠೇವಣಿ ಇಡುವ ಇಂದಿನ ಮನೆಗಳಿಗೂ ಇದೇ ಲೆಕ್ಕ ಅಲ್ವಾ?

ಶ್ರೇಣಿಯ ಕಡೆಯಿಂದ ನೋಡಿದರೆ ಕಥೆ ಬೇರೆ. ಒಂದು ಶ್ರೇಣಿ ತಿಂಗಳಿಗೆ 20, ಮತ್ತೊಂದು ಏಳೂವರೆ ಕಾಹಾಪಣ ತೆರಬೇಕು, ಅದೂ ಎಂದೆಂದಿಗೂ. ಅಸಲು ತೀರಿಸಿ ಕೈತೊಳೆದುಕೊಳ್ಳುವ ಹಾಗಿಲ್ಲ. ಮಗ್ಗದಿಂದ ಅದಕ್ಕಿಂತ ಹೆಚ್ಚು ಹುಟ್ಟೀತೆಂಬ ಭರವಸೆ ಇದ್ದರೆ ಮಾತ್ರ ಇಂಥ ಸಾಲ ಒಪ್ಪಬಹುದು.

ಇದೇ ಗುಹೆಯ ಇನ್ನೊಂದು ಶಾಸನದಲ್ಲಿ ಉಷವದಾತ ಭಿಕ್ಷುಗಳ ಊಟಕ್ಕಾಗಿ 4000 ಕಾಹಾಪಣ ಕೊಟ್ಟು ಹೊಲ ಕೊಂಡಿದ್ದಾನೆ. ಬಟ್ಟೆಗೆ ಬಡ್ಡಿ, ಊಟಕ್ಕೆ ಹೊಲ! ಧಾನ್ಯದ ಬೆಲೆ ಏರಿದರೂ ಹೊಲ ಧಾನ್ಯವನ್ನೇ ಕೊಡುತ್ತದೆ. ಬಟ್ಟೆಯ ಬೆಲೆ ಏರಿದರೆ 12 ಕಾಹಾಪಣ ಹನ್ನೆರಡಾಗಿಯೇ ಉಳಿಯುತ್ತದೆ. ಇದನ್ನೆಲ್ಲ ಎಣಿಸಿಯೇ ಮಾಡಿದನೆಂದು ಶಾಸನ ಹೇಳುವುದಿಲ್ಲ; ಆದರೆ ಪರಿಣಾಮ ಅದೇ.

ಈ ಠೇವಣಿಯನ್ನು ನಿಗಮಸಭೆಯಲ್ಲಿ ಸಾರಿ, ಫಲಕದಲ್ಲಿ ದಾಖಲಿಸಲಾಯಿತು ಎಂದೂ ಶಾಸನದಲ್ಲಿದೆ. ಆ ದಾಖಲೆ ಕಾಯ್ದದ್ದು ಹಣದ ಮೊತ್ತವನ್ನು, ಅದು ಕೊಳ್ಳುವ ಬಟ್ಟೆಯ ಅಳತೆಯನ್ನಲ್ಲ.