ಹೆಲ್ಮಂಡ್‌ನ ಗಸಗಸೆ: ನೀರು, ಸಾಲ, ಸಮರ

ದಕ್ಷಿಣ ಅಫ್ಘಾನಿಸ್ತಾನದ ಹೆಲ್ಮಂಡ್ ಕಣಿವೆಯಲ್ಲಿ ಅಮೆರಿಕದ ಮಾರಿಸನ್ ಕ್ನೂಡ್ಸನ್ ಕಂಪನಿ 1946ರಲ್ಲಿ ನೀರಾವರಿ ಕಾಮಗಾರಿ ಹಿಡಿಯಿತು. 1953ರಲ್ಲಿ ಕಜಕಿ ಅಣೆಕಟ್ಟು ಮುಗಿಯಿತು. ಮರಳುಗಾಡಿನಲ್ಲಿ ಗೋಧಿ, ಹತ್ತಿ, ಹಣ್ಣು ಬೆಳೆಸಬೇಕೆಂಬುದು ಆಗಿನ ಹಂಬಲ. 1990ರ ದಶಕದ ಹೊತ್ತಿಗೆ ಅದೇ ಕಾಲುವೆಗಳ ನೀರು ಗಸಗಸೆ ಹೊಲಗಳಿಗೆ ಹರಿಯುತ್ತಿತ್ತು.

ನಡುವೆ ಯುದ್ಧ ಬಂದಿತ್ತು. 1979ರ ಕೊನೆಯಲ್ಲಿ ಸೋವಿಯತ್ ಸೇನೆ ನುಗ್ಗಿದ ಮೇಲೆ ರಸ್ತೆ, ಕಾಲುವೆ, ಸಂತೆ ಎಲ್ಲವೂ ಹಾಳಾದವು. ದಾಳಿಂಬೆ ದಾರಿಯಲ್ಲೇ ಕೊಳೆಯುತ್ತದೆ. ಗಸಗಸೆಯಿಂದ ಸಿಗುವ ಅಫೀಮು ವರ್ಷಗಟ್ಟಲೆ ಕೆಡುವುದಿಲ್ಲ, ಹೊರುವುದಕ್ಕೆ ಹಗುರ, ವ್ಯಾಪಾರಿಯೇ ಮನೆಬಾಗಿಲಿಗೆ ಬಂದು ಕೊಳ್ಳುತ್ತಿದ್ದ. ಹೆಲ್ಮಂಡ್‌ನ ಮುಜಾಹಿದೀನ್ ನಾಯಕ ಮುಲ್ಲಾ ನಸೀಮ್ ಅಖುಂಡ್‌ಜಾದಾ ಇದನ್ನು ಬೇಗ ಅರಿತ. ತನ್ನ ಹಿಡಿತದ ಊರುಗಳಲ್ಲಿ ಗಸಗಸೆ ಬಿತ್ತಿಸಿದ. ಬೆಳೆ ತಗ್ಗಿಸಲು ಅಮೆರಿಕದ ರಾಯಭಾರಿಯೊಡನೆ ಒಪ್ಪಂದಕ್ಕೆ ಬಂದ ಅವನು 1990ರಲ್ಲಿ ಕೊಲೆಯಾದ.

ಬಂದೂಕಿನ ಭಯವೊಂದರಿಂದಲೇ ಇಷ್ಟು ದೊಡ್ಡ ಬೇಸಾಯ ನಿಲ್ಲುತ್ತಿರಲಿಲ್ಲ. ಅದರ ಬುಡದಲ್ಲಿದ್ದದ್ದು 'ಸಲಾಮ್' ಎಂಬ ಮುಂಗಡ ಸಾಲ. ಬಿತ್ತನೆಯ ಕಾಲದಲ್ಲಿ, ಕಾಳು ಮುಗಿದು ಚಳಿ ಹತ್ತಿರವಾದಾಗ, ವ್ಯಾಪಾರಿ ರೈತನಿಗೆ ಹಣ ಕೊಡುತ್ತಿದ್ದ. ಕೊಯ್ಲಿನ ಅಫೀಮಿಗೆ ಆಗಲೇ ಬೆಲೆ ಕಟ್ಟುತ್ತಿದ್ದ. ಅದು ಹಲವು ಸಲ ಮಾರುಕಟ್ಟೆ ದರದ ಅರ್ಧದಷ್ಟು. ವಸಂತದಲ್ಲಿ ಕಾಯಿಗೆ ಗೀರು ಹಾಕಿ ಒಸರಿದ ಹಾಲನ್ನು ಕೆರೆದು ಕೂಡಿಸಿದರೂ ಒಮ್ಮೊಮ್ಮೆ ಸಾಲ ತೀರುತ್ತಿರಲಿಲ್ಲ, ಮುಂದಿನ ವರ್ಷಕ್ಕೆ ದಾಟುತ್ತಿತ್ತು. ಬ್ಯಾಂಕ್ ಇಲ್ಲದ ನಾಡಿನಲ್ಲಿ ಗೇಣಿದಾರನಿಗೆ ಸಾಲ ಹುಟ್ಟುತ್ತಿದ್ದದ್ದು ಈ ಬೆಳೆಯ ಮೇಲೆಯೇ.

2000ದ ಜುಲೈನಲ್ಲಿ ಆಗಿನ ತಾಲಿಬಾನ್ ಆಡಳಿತದ ಮುಖ್ಯಸ್ಥ ಮುಲ್ಲಾ ಒಮರ್ ಗಸಗಸೆ ಬೆಳೆಗೆ ಹೇರಿದ ನಿಷೇಧವನ್ನು ಈ ಬೆಳಕಿನಲ್ಲಿಯೇ ನೋಡಬೇಕು. 1999ರಲ್ಲಿ ಸುಮಾರು 4,600 ಟನ್ ಇದ್ದ ಉತ್ಪನ್ನ 2001ರಲ್ಲಿ 185 ಟನ್ನಿಗೆ ಇಳಿಯಿತು. ಬೆಲೆ ಸುಮಾರು ಹತ್ತು ಪಟ್ಟು ಏರಿ, ದಾಸ್ತಾನಿದ್ದವರು ಕೊಬ್ಬಿದರು. ಅಫೀಮಿನ ಲೆಕ್ಕದಲ್ಲೇ ಸಾಲ ಬರೆದುಕೊಂಡಿದ್ದ ರೈತ ಮುಳುಗಿದ. ಸಾಲಕ್ಕೆ ಬದಲಾಗಿ ಹೆಣ್ಣುಮಕ್ಕಳನ್ನು ಮದುವೆ ಮಾಡಿಕೊಟ್ಟ ಪ್ರಸಂಗಗಳೂ ದಾಖಲಾಗಿವೆ. ಬೆಳೆ ನಿಲ್ಲಿಸಿದವರು ಬದುಕಿಗೆ ದಾರಿ ತೋರಿಸಲಿಲ್ಲ. ನಿಷೇಧದ ಘೋರ ಲೋಪ ಅದೇ.

2001ರ ಕೊನೆಯಲ್ಲಿ ಅಮೆರಿಕದ ದಾಳಿಗೆ ತಾಲಿಬಾನ್ ಆಡಳಿತ ಉರುಳಿತು; ಮರುವರ್ಷವೇ ಗಸಗಸೆ ಮರಳಿತು. ಮಾದಕವಸ್ತು ತಡೆಗೆ ಅಮೆರಿಕ 2017ರವರೆಗೆ 860 ಕೋಟಿ ಡಾಲರ್‌ಗೂ ಹೆಚ್ಚು ವೆಚ್ಚ ಮಾಡಿತು. ಅದೇ 2017ರಲ್ಲಿ ಬಿತ್ತನೆ 3,28,000 ಹೆಕ್ಟೇರ್ ಮುಟ್ಟಿತು. ಕಾಲುವೆಯ ಆಚೆ, ಬರಡು ಮರುಭೂಮಿಯಲ್ಲಿ ರೈತರು ಕೊಳವೆಬಾವಿ ಕೊರೆಸಿ ಸೌರ ಪಂಪು ಕೂರಿಸಿದ್ದರು. ತಾಲಿಬಾನ್ ಬೆಳೆಗೂ ಸಾಗಣೆಗೂ ತೆರಿಗೆ ಎತ್ತುತ್ತಿತ್ತು. ಸರ್ಕಾರದ ಕಡೆಯ ಪ್ರಬಲರೂ ಪಾಲು ಪಡೆದರು. ಸರಕು ಎಷ್ಟು ದೂರ ಹೋಗುತ್ತಿತ್ತೆಂಬುದಕ್ಕೆ 2021ರ ಸೆಪ್ಟೆಂಬರ್‌ನಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಸಿಕ್ಕಿದ ಸುಮಾರು 3,000 ಕಿಲೋ ಹೆರಾಯಿನ್ ಸಾಕ್ಷಿ.

ಮರಳಿ ಅಧಿಕಾರಕ್ಕೆ ಬಂದ ತಾಲಿಬಾನ್ 2022ರ ಏಪ್ರಿಲ್‌ನಲ್ಲಿ ಗಸಗಸೆಯನ್ನು ಮತ್ತೆ ನಿಷೇಧಿಸಿತು. ವಿಶ್ವಸಂಸ್ಥೆಯ ಸಮೀಕ್ಷೆಯಂತೆ ಬಿತ್ತನೆ 2,33,000 ಹೆಕ್ಟೇರ್‌ನಿಂದ 2023ರಲ್ಲಿ 10,800ಕ್ಕೆ ಕುಸಿಯಿತು. ಅಫೀಮಿನಿಂದ ರೈತರಿಗೆ ಬರುತ್ತಿದ್ದ ವರಮಾನ 136 ಕೋಟಿ ಡಾಲರ್‌ನಿಂದ 11 ಕೋಟಿಗೆ ಇಳಿಯಿತು. ಗೋಧಿ ಬಿತ್ತಿದವರಿಗೆ ಆ ಕೊರತೆ ತುಂಬಲಿಲ್ಲ. 2024ರ ಮೇ ತಿಂಗಳಲ್ಲಿ ಈಶಾನ್ಯದ ಬದಖ್ಶಾನ್ ಪ್ರಾಂತ್ಯದ ಹಳ್ಳಿಗರು ಗಸಗಸೆ ಬೆಳೆ ನಾಶದ ವಿರುದ್ಧ ಬೀದಿಗಿಳಿದರು.

2023ರಲ್ಲಿ ಅಫೀಮು ಉತ್ಪಾದನೆಯ ಮೊದಲ ಸ್ಥಾನ ಮ್ಯಾನ್ಮಾರ್‌ಗೆ ಹೋಯಿತು. ಅಲ್ಲಿನ ಆ ವರ್ಷದ ಬೆಳೆ 1,080 ಟನ್. 2021ರ ಸೇನಾ ದಂಗೆಯ ನಂತರ ಆ ದೇಶವೂ ಅಂತರ್ಯುದ್ಧದಲ್ಲಿದೆ.