ಕೊನೆಯ ಬಸ್ಸಿನೊಳಗೆ ಮುಗಿಯಬೇಕಾದ ಪಾಠ: ಮಂಡ್ಯದ ನಾಲ್ಕು ತಾಲ್ಲೂಕುಗಳ ಸಂಜೆ ಓದಿನ ಕುರಿತು ಒಂದು ಟಿಪ್ಪಣಿ

ಸಂಜೆ ಕಾಲೇಜು ಎಂಬ ಮಾತು ನಗರದ್ದು. ಐದೂವರೆಗೆ ಕಚೇರಿ ಬಿಟ್ಟು ಆರಕ್ಕೆ ತರಗತಿಯಲ್ಲಿ ಕೂರಬಲ್ಲವನೇ ಅದರ ವಿದ್ಯಾರ್ಥಿ. ಬೆಂಗಳೂರು, ಮೈಸೂರುಗಳಲ್ಲಿ ಹಾಗೆ ಓದಿ ಪದವಿ ಪಡೆದ ಗುಮಾಸ್ತರು, ಕಾರ್ಖಾನೆ ನೌಕರರು ಬಹಳ ಮಂದಿ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳಿಗೆ ಆ ಮಾತನ್ನು ಹಾಗೆಯೇ ಹಚ್ಚಿ ನೋಡಿದರೆ ದಕ್ಕುವುದು ಕಡಿಮೆ. ಇಲ್ಲಿ ದುಡಿಯುತ್ತಲೇ ಓದಿದವರಿಗೆ ವಿದ್ಯೆ ಬಂದ ದಾರಿ ಬೇರೆ: ಮೊದಲು ಮೇಷ್ಟರು ಊರಿಗೆ ಬಂದರು, ಆಮೇಲೆ ಪಾಠ ಅಂಚೆಯಲ್ಲಿ ಬಂತು. ಆ ದಾರಿಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಸಲೀಸಾಗಿ ಸಾಗಿದವು. ವಿಜ್ಞಾನ ಭಾಷಣವಾಗಿ ಬಂತು, ಪದವಿಯಾಗುವಲ್ಲಿ ಹಿಂದೆ ಬಿತ್ತು. ಅದಕ್ಕೆ ಕಾರಣವೇನೆಂಬುದೇ ಈ ಟಿಪ್ಪಣಿಯ ವಿಷಯ.

ಮೊದಲು ನೆಲದ ಲೆಕ್ಕ. ಮಂಡ್ಯ ಜಿಲ್ಲೆ 1939ರಲ್ಲಿ ಮೈಸೂರಿನಿಂದ ಬೇರ್ಪಟ್ಟರೂ ಈ ಭಾಗದ ಉನ್ನತ ಶಿಕ್ಷಣದ ಮುಖ ಬಹುಕಾಲ ಮೈಸೂರಿನ ಕಡೆಗೇ ಇತ್ತು. ಶ್ರೀರಂಗಪಟ್ಟಣಕ್ಕೆ ಮೈಸೂರು ಸುಮಾರು 15 ಕಿಲೋಮೀಟರ್. ಪಾಂಡವಪುರ ಅಲ್ಲಿಂದ ತುಸು ಆಚೆ. ಎರಡಕ್ಕೂ ಬೆಂಗಳೂರು–ಮೈಸೂರು ರೈಲು ಉಂಟು. ಕೆ.ಆರ್. ಪೇಟೆ ಪಟ್ಟಣಕ್ಕೆ ರೈಲಿಲ್ಲ. ಆ ತಾಲ್ಲೂಕಿನವರು ರೈಲು ಹಿಡಿಯಬೇಕಾದರೆ ಅಕ್ಕಿಹೆಬ್ಬಾಳಿನಂಥ ಊರಿಗೆ ಹೋಗಬೇಕು. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಮೇಲೆ ಹಾಸನದ ರೈಲು ಓಡಾಡತೊಡಗಿದ್ದು 2017ರಲ್ಲಿ. ಸಂಜೆ ಎಂಟಕ್ಕೆ ಮೈಸೂರಿನಲ್ಲಿ ತರಗತಿ ಮುಗಿಸಿದವನು ಶ್ರೀರಂಗಪಟ್ಟಣಕ್ಕೆ ಊಟದ ಹೊತ್ತಿಗೆ ತಲುಪಿಯಾನು. ನಾಗಮಂಗಲದ ಹಳ್ಳಿಯವನು ಅಂದು ಬಸ್ ನಿಲ್ದಾಣದಲ್ಲೇ ಮಲಗಬೇಕಾದೀತು.

ದೂರದ ಜೊತೆಗೆ ಹೊತ್ತಿನ ಕಷ್ಟವೂ ಇದೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಸಂಜೆ ಎಂದರೆ ಬಿಡುವಿನ ವೇಳೆ ಅಲ್ಲ. ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟ ದಿನಗಳಲ್ಲಿ ಸರದಿ ರಾತ್ರಿ ಬಂದರೆ ರಾತ್ರಿಯೇ ಗುದ್ದಲಿ ಹಿಡಿದು ಗದ್ದೆಗೆ ಹೋಗಬೇಕು. ನೀರುಗಂಟಿ ಯಾರ ಪರೀಕ್ಷೆಗೂ ಕಾಯುವುದಿಲ್ಲ. ಕಬ್ಬು ಕಡಿಯುವ ಕಾಲದಲ್ಲಿ ಆಲೆಮನೆಯ ಒಲೆಗೆ ಕತ್ತಲಾಯಿತೆಂಬ ಲೆಕ್ಕವಿಲ್ಲ. ಸಕ್ಕರೆ ಕಾರ್ಖಾನೆಯ ನೌಕರನಿಗೆ ಪಾಳಿ. ನಗರದ ಸಂಜೆ ಕಾಲೇಜು ನಂಬಿಕೊಂಡಿರುವ ನಿಶ್ಚಿತ ಸಂಜೆ ಇಲ್ಲಿ ಸರ್ಕಾರಿ ನೌಕರರಿಗೂ ಶಾಲಾ ಮೇಷ್ಟರಿಗೂ ಬಿಟ್ಟರೆ ಹೆಚ್ಚು ಜನಕ್ಕೆ ಇರಲಿಲ್ಲ. ದುಡಿಯುತ್ತ ಪದವಿ ಓದಿದವರಲ್ಲಿ ಶಾಲಾ ಮೇಷ್ಟರು ಎದ್ದು ಕಾಣುವುದಕ್ಕೆ ಬಡ್ತಿಯ ಆಸೆಯಷ್ಟೇ ಕಾರಣವಲ್ಲ, ಈ ಗಡಿಯಾರವೂ ಕಾರಣ ಎಂದು ನನ್ನ ಊಹೆ.

ಇನ್ನು ಮೇಷ್ಟರು ಊರಿಗೆ ಬಂದ ಬಗೆ. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. 1930ರ ದಶಕದಲ್ಲಿ ಅದು ಪ್ರಚಾರೋಪನ್ಯಾಸಗಳನ್ನು ಆರಂಭಿಸಿತು. ಅಧ್ಯಾಪಕರು ಊರೂರಿಗೆ ಹೋಗಿ ತಮ್ಮ ವಿಷಯವನ್ನು ಕನ್ನಡದಲ್ಲಿ ಹೇಳುವುದು, ಆಮೇಲೆ ಆ ಮಾತನ್ನು ಕೆಲವೇ ಆಣೆಯ ಪುಸ್ತಿಕೆಯಾಗಿ ಅಚ್ಚು ಹಾಕುವುದು, ಇದು ಕ್ರಮ. ಜೇಬಿಗೆ ಹಿಡಿಸುವ ಆ ತೆಳು ಪುಸ್ತಿಕೆಗಳನ್ನು ಹಳೆಯ ಗ್ರಂಥಾಲಯಗಳಲ್ಲಿ ಬಿಡಿಸಿ ನೋಡಿದವರಿಗೆ ಗೊತ್ತು: ಸಾಹಿತ್ಯದ ಪಕ್ಕದಲ್ಲೇ ಆರೋಗ್ಯ, ಆಕಾಶ, ಹಣಕಾಸು, ಚರಿತ್ರೆ ಎಲ್ಲವೂ ಇರುತ್ತಿದ್ದವು. ಹಾಜರಿ ಇಲ್ಲ, ಪರೀಕ್ಷೆ ಇಲ್ಲ. ಪದವಿ ಅಂತೂ ಇಲ್ಲವೇ ಇಲ್ಲ. ಆದರೂ ಮೇಷ್ಟರೇ ಬಸ್ಸು ಹತ್ತಿ ಬರುವ ಏರ್ಪಾಡು ಇದೊಂದೇ ಆಗಿತ್ತು. ಕಾಲೇಜಿನ ಪಾಠ ಇಂಗ್ಲಿಷಿನಲ್ಲೇ ನಡೆಯುತ್ತಿದ್ದ ಕಾಲದಲ್ಲಿ ವಿದ್ವತ್ತನ್ನು ಕನ್ನಡಕ್ಕೆ ತಿರುಗಿಸಲು ದುಡಿದ ಬಿ.ಎಂ. ಶ್ರೀಕಂಠಯ್ಯನವರ ಹೆಸರಿನ 'ಬಿ' ಎಂದರೆ ಬೆಳ್ಳೂರು, ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಇದರಿಂದ ಯಾವ ಸಿದ್ಧಾಂತವನ್ನೂ ಕಟ್ಟಲಾಗದು. ನಾಗಮಂಗಲದವರು ನೆನಪಿಟ್ಟುಕೊಂಡರೆ ತಪ್ಪೇನಿಲ್ಲ.

ವಿಜ್ಞಾನಕ್ಕೂ ಕನ್ನಡದಲ್ಲಿ ಬಾಯಿ ಇತ್ತು. ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶಯ್ಯಂಗಾರ್ಯರ ಜೊತೆ ಸೇರಿ 'ವಿಜ್ಞಾನ' ಪತ್ರಿಕೆ ನಡೆಸಿದ್ದು 1918ರ ಹೊತ್ತಿಗೆ. ಅದು ಎರಡು ವರ್ಷ ಬಾಳಿತು. ಭೌತವಿಜ್ಞಾನದ ಅಧ್ಯಾಪಕ ಆರ್.ಎಲ್. ನರಸಿಂಹಯ್ಯನವರು 'ಜಗತ್ತುಗಳ ಹುಟ್ಟು-ಸಾವು' ಬರೆದರು. ಮುಂದೆ ವಿಶ್ವವಿದ್ಯಾನಿಲಯದ ಪ್ರಕಟಣಾ ವಿಭಾಗವಾದ ಪ್ರಸಾರಾಂಗ 'ಮಾನವಿಕ ಕರ್ನಾಟಕ', 'ವಿಜ್ಞಾನ ಕರ್ನಾಟಕ' ಎಂದು ಎರಡು ಪತ್ರಿಕೆಗಳನ್ನು ತಂದಿತು. ಎರಡನೆಯದನ್ನು ಸಂಪಾದಿಸಿದ ಜೆ.ಆರ್. ಲಕ್ಷ್ಮಣರಾಯರು ರಸಾಯನವಿಜ್ಞಾನದ ಮೇಷ್ಟರು. ಹಾಗಾಗಿ ಕನ್ನಡದಲ್ಲಿ ವಿಜ್ಞಾನ ಹೇಳಲಾಗದೆ ಅದು ಹಳ್ಳಿಗೆ ಬರಲಿಲ್ಲ ಎಂಬ ವಾದ ನಿಲ್ಲುವುದಿಲ್ಲ.

1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆ ಶುರುವಾಯಿತು. ಅದೇ ವರ್ಷ ದೇ. ಜವರೇಗೌಡರು ಕುಲಪತಿಯಾದರು. 'ತೆರಪು' ಎಂಬುದು ಒಳ್ಳೆಯ ಮಾತು. ಸಂಜೆ ಆರಕ್ಕೇ ಬಾ ಎನ್ನದೆ, ನಿನಗೆ ಬಿಡುವಾದಾಗ ಓದು ಎನ್ನುತ್ತದೆ. ನೀರಿನ ಸರದಿ ಮುಗಿಸಿ ಬಂದವನಿಗೆ, ಮಕ್ಕಳನ್ನು ಮಲಗಿಸಿದ ಗೃಹಿಣಿಗೆ ಹೊಂದಿಕೊಂಡಿದ್ದು ಈ ಪದ್ಧತಿಯೇ. ಪಾಠದ ಕಟ್ಟು ಅಂಚೆಯಣ್ಣನ ಸೈಕಲ್ ಮೇಲೆ ಬರುತ್ತಿತ್ತು, ರಜೆಯಲ್ಲಿ ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯಲ್ಲಿ ಸಂಪರ್ಕ ತರಗತಿ ಇರುತ್ತಿತ್ತು. 1996ರ ಜೂನ್ 1ರಂದು ಈ ಸಂಸ್ಥೆಯೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಅದರ ಮಾನ್ಯತೆಯನ್ನು ಯು.ಜಿ.ಸಿ. 2015ರಲ್ಲಿ ಹಿಂತೆಗೆದುಕೊಂಡು 2018ರಲ್ಲಿ ಮರಳಿ ಕೊಟ್ಟಿತು. ನಡುವಿನ ವರ್ಷಗಳ ಗೊಂದಲ ಹೆಚ್ಚು ತಟ್ಟಿದ್ದು ಬೇರೆ ದಾರಿ ಇಲ್ಲದವರಿಗೆ.

ಈಗ ಮೂಲ ಪ್ರಶ್ನೆ. ಅಂಚೆಯ ಪಾಠ ಕಲೆ, ವಾಣಿಜ್ಯಗಳಿಗೆ ಒಗ್ಗಿದ ಹಾಗೆ ವಿಜ್ಞಾನಕ್ಕೆ ಒಗ್ಗಲಿಲ್ಲ. ಮೊದಲ ವರ್ಷದ ಒಂದು ಸಾಧಾರಣ ಪ್ರಯೋಗವನ್ನೇ ನೋಡಿ. ಫ್ಲಾಸ್ಕ್‌ನಲ್ಲಿ ಕ್ಷಾರ, ಅದಕ್ಕೆ ಎರಡು ಹನಿ ಫಿನಾಲ್ಫ್ಥಲೀನ್, ದ್ರಾವಣ ಗುಲಾಬಿಯಾಗುತ್ತದೆ. ಮೇಲಿನ ಬ್ಯುರೆಟ್‌ನಿಂದ ಆಮ್ಲ ಹನಿಹನಿಯಾಗಿ ಬೀಳುತ್ತದೆ. ಎಡಗೈ ತಿರುಪಿನ ಮೇಲೆ, ಬಲಗೈ ಫ್ಲಾಸ್ಕನ್ನು ಅಲುಗಿಸುತ್ತಿರುತ್ತದೆ. ಒಂದು ಹನಿಗೆ ಬಣ್ಣ ಥಟ್ಟನೆ ಮಾಯ. ಅದಕ್ಕೆ ಮುಂಚೆ ನಿಲ್ಲಿಸಿದರೂ ಲೆಕ್ಕ ತಪ್ಪು, ಒಂದು ಹನಿ ಹೆಚ್ಚಾದರೂ ತಪ್ಪು. ಆ ಹನಿಯನ್ನು ಲಕೋಟೆಯಲ್ಲಿ ಹಾಕಿ ಕಿಕ್ಕೇರಿಗೆ ಕಳಿಸಲಾಗದು. ಕೈ ಪಳಗಬೇಕು, ಪಕ್ಕದಲ್ಲಿ ತಿದ್ದುವವರು ನಿಂತಿರಬೇಕು, ನಲ್ಲಿಯಲ್ಲಿ ನೀರಿರಬೇಕು. ಹೀಗೆ ವಾರಕ್ಕೆ ಹಲವು ಗಂಟೆ, ಮೂರು ವರ್ಷ.

ಸಮಾಜ ವಿಜ್ಞಾನಗಳ ಸಾಮಗ್ರಿಯಾದರೋ ಊರಲ್ಲೇ ಬಿದ್ದಿತ್ತು. ಬಿ.ಎಲ್. ರೈಸ್ ಕೆ.ಆರ್. ಪೇಟೆ, ನಾಗಮಂಗಲಗಳ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ 4ನೇ ಸಂಪುಟದಲ್ಲಿ 1898ರಲ್ಲೇ ಪ್ರಕಟಿಸಿದ್ದ. ಪರಿಷ್ಕೃತ ಆವೃತ್ತಿಯ 6ನೇ ಸಂಪುಟ ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳಿಗೇ ಮೀಸಲು, ನಾಗಮಂಗಲ 7ರಲ್ಲಿದೆ. ಇತಿಹಾಸ ಓದುವವನಿಗೆ ಹೊಸಹೊಳಲು, ಗೋವಿಂದನಹಳ್ಳಿ, ಕಂಬದಹಳ್ಳಿ, ತೊಣ್ಣೂರು ಸೈಕಲ್ ದೂರದ ಪ್ರಯೋಗಾಲಯಗಳು. ಅರ್ಥಶಾಸ್ತ್ರಕ್ಕೆ ಸಂತೆಯೂ ಸಹಕಾರ ಸಂಘವೂ ಸಾಕು.

ಆದರೆ ವಿಜ್ಞಾನದ ಸಾಮಗ್ರಿ ಇಲ್ಲಿ ಇಲ್ಲವೇ ಇಲ್ಲ ಎನ್ನಲೂ ಬಾರದು. ಕೃಷ್ಣರಾಜಸಾಗರದಲ್ಲಿ ಅಣೆಕಟ್ಟು, ನಾಲೆಗಳ ಮಾದರಿ ಕಟ್ಟಿ ನೀರು ಹರಿಸಿ ಪರೀಕ್ಷಿಸುವ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರವಿದೆ. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟು 2022ರಲ್ಲಿ ರಾಮ್ಸರ್ ತಾಣವಾಗಿದೆ. ಜೀವವಿಜ್ಞಾನದ ಎಷ್ಟೋ ಪಾಠಗಳಿಗೆ ಆ ತಿಟ್ಟುಗಳೇ ಸಾಕು. ಕೊರತೆ ಇದ್ದದ್ದು ಬ್ಯುರೆಟ್‌ಗೆ, ಅದರ ಪಕ್ಕದಲ್ಲಿ ನಿಲ್ಲುವ ಮೇಷ್ಟರಿಗೆ.

ಆ ಕೊರತೆ ಹಿಂದಿನಷ್ಟು ಇಂದಿಲ್ಲ. ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಈಗ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ, ಕೆ.ಆರ್. ಪೇಟೆಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೂ ಇದೆ. ಇಲ್ಲಿನವರಿಗೆ ಬೇಕಾಗಿರುವುದು ಮತ್ತೊಂದು ಸಂಜೆ ಕಾಲೇಜಿನ ಕಟ್ಟಡವಲ್ಲ. ಸಿದ್ಧಾಂತದ ಪಾಠ ತೆರಪಿನಲ್ಲೇ ನಡೆಯಲಿ; ಪ್ರಾಯೋಗಿಕ ತರಗತಿಗೆ ಈ ಕಾಲೇಜುಗಳ ಪ್ರಯೋಗಾಲಯಗಳನ್ನು ಭಾನುವಾರ ಇಡೀ ದಿನ, ವಾರದಲ್ಲಿ ಎರಡು ಸಂಜೆ ಏಳರವರೆಗೆ ತೆರೆದಿಡಲಿ. ವೇಳಾಪಟ್ಟಿ ಹಾಕುವವರು ಅದಕ್ಕೆ ಮುಂಚೆ ಒಮ್ಮೆ ತಾಲ್ಲೂಕು ಬಸ್ ನಿಲ್ದಾಣಕ್ಕೆ ಹೋಗಿ ಕೊನೆಯ ಬಸ್ಸು ಎಷ್ಟು ಗಂಟೆಗೆಂದು ಕೇಳಿಕೊಂಡು ಬರಲಿ.